ಕಾಗದ ಕತ್ತರಿಸುವ ಮಷಿನ್: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸ್ ಇದೆ. ನಾನು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಜಿಎಸ್‌ಟಿ ರಿಟರ್ನ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಬ್ಯಾಂಕ್ ಲೋನಿಗೆ ಬೇಕಾಗುವ ಕಾಗದಪತ್ರ, ಇಷ್ಟು ನಮ್ಮ ಕೆಲಸ. ಆಫೀಸಿಗೆ ಕಂಪ್ಯೂಟರ್ ತಂದಾಗ, ಪ್ರಿಂಟರ್ ತಂದಾಗ ಯಾರ ಹತ್ರವೂ ಹೇಳಿಕೊಂಡವಳಲ್ಲ. ಆದರೆ ಈ ಶ್ರೆಡ್ಡರ್, ಅಂದರೆ ಬೇಡದ ಕಾಗದ ಚೂರು ಮಾಡುವ ಮಷಿನ್ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ನನ್ನ ಹಾಗೆ ಸಣ್ಣ ಆಫೀಸ್ ನಡೆಸುವವರು, ಕ್ಲಿನಿಕ್ ಇಟ್ಟವರು, ಪಿಜಿ ನಡೆಸುವವರು, ಫೈನಾನ್ಸ್ ವ್ಯವಹಾರದವರು ಇದನ್ನು ಓದಿದರೆ ಸಾಕು.

ಮೊದಲು ಅದನ್ನು ಯಾಕೆ ತಗೊಂಡೆ ಅಂತ ಹೇಳುತ್ತೇನೆ.

2024ರ ಜನವರಿ. ಸಂಜೆ ಏಳು ಗಂಟೆ ಇರಬೇಕು. ಆಫೀಸ್ ಬಾಗಿಲು ಹಾಕಿಕೊಂಡು ರಾಂ ಅಂಡ್ ಕೋ ಸರ್ಕಲ್ ಕಡೆ ನಡೆದು ಬರುತ್ತಿದ್ದೆ. ಚಳಿ ಇತ್ತು. ಗಾಡಿಯವನ ಹತ್ರ ನಾಲ್ಕು ಮಿರ್ಚಿ ಕಟ್ಟಿಸಿಕೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ಎಣ್ಣೆ ಹೀರಿಕೊಂಡ ಕಾಗದದ ಮೇಲೆ ಅಕ್ಷರಗಳು ಇನ್ನೂ ಎದ್ದು ಕಾಣುತ್ತಿದ್ದವು. ಆ ಕಾಗದದ ಅಂಚು, ಅಕ್ಷರದ ಆಕಾರ, ಸಾಲಿನ ಅಂತರ, ಎಲ್ಲವೂ ಪರಿಚಿತ. ಅದು ನಮ್ಮ ಪ್ರಿಂಟರಿನಿಂದ ಬಂದ ಹಾಳೆ. ನಮ್ಮ ಕ್ಲೈಂಟ್ ಒಬ್ಬರ ಕಂಪ್ಯುಟೇಷನ್ ಶೀಟ್.

ಟ್ಯಾಕ್ಸ್ ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು. ಕಂಪ್ಯುಟೇಷನ್ ಶೀಟ್ ಅಂದರೆ ರಿಟರ್ನ್ ಹಾಕುವ ಮುಂಚೆ ನಾವು ತೆಗೆಯುವ ಲೆಕ್ಕದ ಹಾಳೆ. ಮೇಲುಗಡೆ ಹೆಸರು, ತಂದೆ ಹೆಸರು, ಮನೆ ವಿಳಾಸ, ಹುಟ್ಟಿದ ತಾರೀಕು, ಪ್ಯಾನ್, ಆಧಾರ್, ಮೊಬೈಲ್ ನಂಬರ್. ಕೆಳಗೆ ಸಂಬಳ, ಬಡ್ಡಿ, ಬಾಡಿಗೆ. ಕೊನೆಯಲ್ಲಿ ಬ್ಯಾಂಕ್ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್. ಒಬ್ಬ ಮನುಷ್ಯನ ಬಗ್ಗೆ ಏನೇನು ಗೊತ್ತಾಗಬಾರದೋ ಅದೆಲ್ಲ ಒಂದೇ ಹಾಳೆಯಲ್ಲಿ.

ನಡುವೆ ಇನ್ನೊಂದು ಭಾಗ ಇರುತ್ತದೆ. ಅದರ ಬಗ್ಗೆ ಜನ ಯೋಚನೆಯನ್ನೇ ಮಾಡುವುದಿಲ್ಲ. ವಿನಾಯಿತಿಗಳ ಪಟ್ಟಿ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 80ಯು ಅಂತ ಅಲ್ಲಿದ್ದರೆ, ಆ ವ್ಯಕ್ತಿಗೇ ಅಂಗವೈಕಲ್ಯ ಇದೆ ಅಂತ ಅರ್ಥ. 80ಡಿಡಿ ಇದ್ದರೆ ಮನೆಯಲ್ಲಿ ಅವರನ್ನು ನಂಬಿಕೊಂಡ ಅಂಗವಿಕಲರು ಇದ್ದಾರೆ. 80ಡಿಡಿಬಿ ಇದ್ದರೆ ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ. ಕ್ಯಾನ್ಸರ್, ಕಿಡ್ನಿ ಫೇಲ್ಯೂರ್ ಅಂಥವು ಆ ಪಟ್ಟಿಯಲ್ಲಿ ಬರುತ್ತವೆ. 80ಜಿಜಿಸಿ ಇದ್ದರೆ ರಾಜಕೀಯ ಪಕ್ಷಕ್ಕೆ ದುಡ್ಡು ಕೊಟ್ಟಿದ್ದಾರೆ. ನಮ್ಮ ಕಸುಬಿನವರು ಈ ಹಾಳೆ ಕೈಗೆ ತಗೊಂಡರೆ ಅರ್ಧ ನಿಮಿಷದಲ್ಲಿ ಮನೆಯ ಒಳಗಿನ ಕಷ್ಟವೆಲ್ಲ ತಿಳಿದುಬಿಡುತ್ತದೆ.

ಮಿರ್ಚಿ ಸುತ್ತಿದ್ದ ಹಾಳೆ ಒಬ್ಬ ಟೀಚರದ್ದು. ಅದರಲ್ಲಿ 80ಡಿಡಿಬಿ ಇತ್ತು.

ಮಿರ್ಚಿ ಬಿಟ್ಟು ಎದ್ದೆ. ಅದೇ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಗಾಡಿ ಹತ್ರ ಹೋದೆ. "ಏನಾತ್ರೀ ಅಕ್ಕಾರೆ, ಮಿರ್ಚಿ ಚೆನ್ನಾಗಿಲ್ಲೇನ್ರೀ?" ಅಂದ. ಮಿರ್ಚಿ ಚೆನ್ನಾಗಿದೆ, ನಿನ್ನ ಹತ್ರ ಇಂಥ ಕಾಗದ ಇನ್ನೆಷ್ಟಿದೆ ತೋರಿಸಪ್ಪ ಅಂದೆ. ಗಾಡಿಯ ಕೆಳಗೆ ಒಂದು ಕಟ್ಟು ಇತ್ತು. "ರದ್ದಿ ಅಂಗಡ್ಯಾಗ ತಂದಿದ್ದು ರೀ. ಒಳ್ಳೆ ದಪ್ಪ ಕಾಗದ, ಎಣ್ಣಿ ತಡೀತಾವು" ಅಂದ. ಆ ಕಟ್ಟಿನಲ್ಲಿ ನಮ್ಮ ಆಫೀಸಿನ ಹಾಳೆಗಳು 41 ಇದ್ದವು. ಅವನಿಗೆ ನೂರು ರೂಪಾಯಿ ಕೊಟ್ಟು ಅಷ್ಟನ್ನೂ ತಂದೆ. ಅವನ ತಪ್ಪೇನೂ ಇಲ್ಲ. ರದ್ದಿ ಅಂಗಡಿಯವರದ್ದೂ ಇಲ್ಲ. ನಮ್ಮ ಹುಡುಗ ವರ್ಷಕ್ಕೊಮ್ಮೆ ಹಳೇ ಕಾಗದ ತೂಕಕ್ಕೆ ಹಾಕಿ ಬರುತ್ತಿದ್ದ. ಹಾಕು ಅಂತ ಹೇಳುತ್ತಿದ್ದವಳು ನಾನೇ. ಕೆಜಿಗೆ ಹದಿನಾಲ್ಕು ರೂಪಾಯಿ. ಆ ದುಡ್ಡಲ್ಲಿ ಟೀ, ಬನ್ನು. ಎಷ್ಟು ವರ್ಷ ಹೀಗೆ ಮಾಡಿದ್ದೇವೆ, ಎಷ್ಟು ಜನರ ಹಾಳೆ ಯಾವ ಯಾವ ಗಾಡಿಗೆ ಹೋಗಿದೆ ಅಂತ ಲೆಕ್ಕ ಹಾಕುತ್ತ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಟೀಚರ್ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಫೋನಲ್ಲಿ ಹೇಳುವ ವಿಷಯ ಅಲ್ಲ ಅನ್ನಿಸಿತ್ತು. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ದನಿ ತಗ್ಗಿಸಿ, "ನಮ್ಮ ಯಜಮಾನರ ಕಾಯಿಲೆ ವಿಷಯ ನಮ್ಮ ಮಗಳಿಗೇ ಇನ್ನೂ ಹೇಳಿಲ್ಲ ರೀ" ಅಂದರು. ಪ್ಯಾನ್ ನಂಬರ್ ಬಗ್ಗೆ, ಬ್ಯಾಂಕ್ ಖಾತೆ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅದೇ ವಾರ ಮಷಿನ್ ಹುಡುಕಲು ಶುರು ಮಾಡಿದೆ.

ಮೊದಲು ತಗೊಂಡದ್ದು ತಪ್ಪು ಮಷಿನ್. ಅದನ್ನೂ ಹೇಳಬೇಕು, ಯಾಕಂದರೆ ನೀವೂ ಅಂಗಡಿಗೆ ಹೋದರೆ ಕಡಿಮೆ ರೇಟಿಗೆ ತೋರಿಸುವುದು ಅದನ್ನೇ. ಅದಕ್ಕೆ ಸ್ಟ್ರಿಪ್ ಕಟ್ ಅನ್ನುತ್ತಾರೆ. 3,200 ರೂಪಾಯಿ ಕೊಟ್ಟೆ. ಹಾಳೆಯನ್ನು ಉದ್ದುದ್ದಕ್ಕೆ ಸೀಳುತ್ತದೆ. ಕೆಳಗೆ ಬೀಳುವುದು ಶಾವಿಗೆ ಹಾಗೆ. (1935ರಲ್ಲಿ ಜರ್ಮನಿಯ ಅಡಾಲ್ಫ್ ಎಹಿಂಗರ್ ಅನ್ನುವವರು ಕೈಯಲ್ಲಿ ತಿರುಗಿಸುವ ಇಂಥ ಮಷಿನ್ ಮಾಡಿದ್ದು ಅವರ ಕಡೆಯ ಶಾವಿಗೆ ಮಷಿನ್ ನೋಡಿಯೇ ಅಂತ ಹೇಳುತ್ತಾರೆ. ನಮ್ಮ ಅಜ್ಜಿಯ ಶಾವಿಗೆ ಮಣೆ ನೋಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ.) ಎರಡು ವಾರ ಖುಷಿಯಾಗಿ ಬಳಸಿದೆವು.

ಆಮೇಲೆ ಒಂದು ದಿನ ಡಬ್ಬಿ ಖಾಲಿ ಮಾಡುವಾಗ ಒಂದು ಎಳೆ ನನ್ನ ಸೀರೆ ಅಂಚಿಗೆ ಅಂಟಿಕೊಂಡು ಬಂತು. ತೆಗೆದು ನೋಡಿದೆ. ಆರು ಮಿಲಿಮೀಟರ್ ಅಗಲದ ಆ ಎಳೆಯ ಮೇಲೆ ಒಂದು ಇಡೀ ಸಾಲು ಇತ್ತು. ತಾರೀಕು, ಚೆಕ್ ನಂಬರ್, ಯಾರಿಗೆ ಕೊಟ್ಟದ್ದು, ಎಷ್ಟು ರೂಪಾಯಿ, ಉಳಿದ ಬ್ಯಾಲೆನ್ಸ್ ಎಷ್ಟು. ಒಂದಕ್ಷರ ಕೂಡ ಕತ್ತರಿಸಿರಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಅದು. ನಾವು ಅದನ್ನು ಅಡ್ಡಕ್ಕೆ, ಅಂದರೆ ಸಾಲುಗಳು ಹಾಳೆಯ ಉದ್ದ ಬದಿಗೆ ಬರುವ ಹಾಗೆ, ಪ್ರಿಂಟ್ ತೆಗೆಯುತ್ತೇವೆ. ಮಷಿನ್ ಬಾಯಿಯ ಅಗಲ 22 ಸೆಂಟಿಮೀಟರ್. ಎ4 ಹಾಳೆಯ ಗಿಡ್ಡ ಬದಿ 21 ಸೆಂಟಿಮೀಟರ್. ಅದರಲ್ಲಿ ಹಾಳೆ ಹೋಗುವುದು ಗಿಡ್ಡ ಬದಿಯಿಂದ ಮಾತ್ರ. ಅಡ್ಡಕ್ಕೆ ಪ್ರಿಂಟ್ ಆದ ಹಾಳೆಯಲ್ಲಿ ಆಗ ಸಾಲುಗಳು ಬ್ಲೇಡಿಗೆ ಸಮನಾಗಿ ನಿಲ್ಲುತ್ತವೆ. ಮಷಿನ್ ಒಂದೊಂದು ಸಾಲನ್ನೂ ಅಚ್ಚುಕಟ್ಟಾಗಿ ಬಿಡಿಸಿ ಕೊಡುತ್ತದೆ. ಓದುವವರಿಗೆ ಇನ್ನೂ ಸುಲಭ ಮಾಡಿಕೊಟ್ಟಂತೆ ಆಯಿತು.

ಸೀಳಿದ ಕಾಗದವನ್ನು ಮತ್ತೆ ಜೋಡಿಸುತ್ತಾರಾ, ಅಷ್ಟು ಪುರುಸೊತ್ತು ಯಾರಿಗಿದೆ ಅಂತ ನಮ್ಮ ಹುಡುಗ ಕೇಳಿದ. 1979ರಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಹೀಗೆ ಉದ್ದಕ್ಕೆ ಸೀಳಿದ ಗುಟ್ಟಿನ ಕಾಗದಗಳನ್ನು ಇರಾನಿನವರು ಕೂತು ಜೋಡಿಸಿ, ಪುಸ್ತಕವಾಗಿ ಅಚ್ಚು ಹಾಕಿಸಿದರು. ಅದಕ್ಕೆ ಜಮಖಾನೆ ನೇಯುವವರನ್ನು ಕೂರಿಸಿದ್ದರಂತೆ. 2011ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ ಚೂರಾದ ಕಾಗದ ಜೋಡಿಸುವ ಸ್ಪರ್ಧೆಯನ್ನೇ ಇಟ್ಟಿತ್ತು. 50,000 ಡಾಲರ್ ಬಹುಮಾನ. ಕಂಪ್ಯೂಟರ್ ಸಹಾಯ ತಗೊಂಡ ಒಂದು ತಂಡ ಸುಮಾರು ಒಂದು ತಿಂಗಳಲ್ಲಿ ಗೆದ್ದಿತು. ನಮ್ಮ ಹಾಳೆಗಳಿಗೆ ಅಷ್ಟು ಕಷ್ಟ ಯಾರೂ ಪಡುವುದಿಲ್ಲ, ಒಪ್ಪುತ್ತೇನೆ. ಆದರೆ ಜೋಡಿಸದೆಯೇ ಓದಲು ಬಂದರೆ? ಆ ಮಷಿನ್ ಮಾಡಿದ್ದು ಅದನ್ನೇ. ಅದನ್ನು ತಂಗಿ ಮನೆಗೆ ಕೊಟ್ಟೆ. ಅವಳ ಮನೆಯಲ್ಲಿ ಮಕ್ಕಳ ಹಳೇ ನೋಟ್ಸ್ ಹಾಕುತ್ತಾರೆ.

ಏಪ್ರಿಲ್‌ನಲ್ಲಿ ಈಗಿನ ಮಷಿನ್ ಬಂತು. 9,400 ರೂಪಾಯಿ. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಎರಡು ಮೂರು ಆಫೀಸುಗಳಲ್ಲಿ ಬೇರೆ ಬೇರೆ ಕಂಪನಿಯದ್ದು ನೋಡಿದ್ದೇನೆ. ಒಂದೇ ದರ್ಜೆಯವು ಬಹುತೇಕ ಒಂದೇ ಥರ ಇವೆ. ಹೆಸರಿಗಿಂತ ಬಾಕ್ಸಿನ ಬದಿಯಲ್ಲಿ ಸಣ್ಣದಾಗಿ ಬರೆದಿರುವುದನ್ನು ಓದಿ. ಅಲ್ಲಿ ಪಿ ಅನ್ನುವ ಅಕ್ಷರ, ಮುಂದೆ ಒಂದು ನಂಬರ್ ಇರುತ್ತದೆ. ಇದು ಡಿಐಎನ್ 66399 ಅನ್ನುವ ಜರ್ಮನ್ ಮಾನದಂಡ. ಪಿ-1ರಿಂದ ಪಿ-7ರ ತನಕ ಇದೆ. ನಂಬರ್ ಹೆಚ್ಚಾದಷ್ಟೂ ಚೂರು ಸಣ್ಣ. ನನ್ನ ಹಳೇದು ಪಿ-2. ಈಗಿನದು ಪಿ-4. ಪಿ-4 ಅಂದರೆ ಒಂದೊಂದು ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರಬಾರದು. ನನ್ನ ಮಷಿನ್ ಚೂರು 4 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದ. ಒಂದು ಎ4 ಹಾಳೆ ಹಾಕಿದರೆ ನಾನೂರು ಚೂರಿನ ಮೇಲೆ ಆಗುತ್ತದೆ. ಹಳೇದರಲ್ಲಿ ಅದೇ ಹಾಳೆ ಮೂವತ್ತೈದು ಎಳೆ ಆಗುತ್ತಿತ್ತು. ಅಂಗಡಿಯಲ್ಲಿ ಕ್ರಾಸ್ ಕಟ್, ಅಂದರೆ ಉದ್ದಕ್ಕೂ ಅಡ್ಡಕ್ಕೂ ಕತ್ತರಿಸುವುದನ್ನು ಕೊಡಿ ಅಂತ ಕೇಳಿ, ಪಿ ನಂಬರ್ ತೋರಿಸಿ ಅನ್ನಿ. ಅದನ್ನು ತೋರಿಸಲು ಬರದಿದ್ದರೆ ಬೇರೆ ಅಂಗಡಿಗೆ ಹೋಗಿ.

ಕೆಲಸ ಹೇಗೆ ಮಾಡುತ್ತದೆ? ಚೆನ್ನಾಗಿ ಮಾಡುತ್ತದೆ. ಆದರೆ ಬಾಕ್ಸ್ ಮೇಲೆ ಬರೆದದ್ದನ್ನೆಲ್ಲ ನಂಬಬೇಡಿ. ಒಂದು ಸಲಕ್ಕೆ ಹತ್ತು ಹಾಳೆ ಅಂತ ಬರೆದಿದೆ. ನಾವು ಬಳಸುವ ಮಾಮೂಲಿ ದಪ್ಪದ 75 ಜಿಎಸ್‌ಎಂ ಕಾಗದ ಏಳು ಹಾಕಿದರೆ ಸರಾಗ. ಎಂಟನೆಯದಕ್ಕೆ ದನಿ ಬದಲಾಗುತ್ತದೆ, ಎತ್ತು ಏರಿ ಹತ್ತುವಾಗ ಉಸಿರು ಬಿಡುವ ಹಾಗೆ. ಹಳೇ ಬಾಂಡ್ ಪೇಪರ್ ಆದರೆ ಐದೇ. ಐದು ನಿಮಿಷ ಒಂದೇ ಸಮ ಓಡಿಸಿದರೆ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಮತ್ತೆ ಮುಕ್ಕಾಲು ಗಂಟೆ ಏನು ಮಾಡಿದರೂ ಏಳುವುದಿಲ್ಲ. ಮೊದಲ ಸಲ ಕೆಟ್ಟೇಹೋಯಿತು ಅಂತ ಗಾಬರಿ ಬಿದ್ದಿದ್ದೆವು. ಹಾಗಾಗಿ ವರ್ಷದ ಕಾಗದ ಒಂದೇ ದಿನ ಮುಗಿಸುತ್ತೇನೆ ಅನ್ನುವವರಿಗೆ ಇದು ಆಗಿಬರುವುದಿಲ್ಲ. ದಿನಾ ಸಂಜೆ ಹತ್ತು ನಿಮಿಷ, ಅದೂ ನಡುವೆ ಬಿಡುವು ಕೊಟ್ಟು. ನಮ್ಮಲ್ಲಿ ಈಗ ಅದೇ ರೂಢಿ. ದೀಪ ಆರಿಸುವ ಮುಂಚೆ ಅವತ್ತಿನ ಬೇಡದ ಕಾಗದ ಅವತ್ತೇ ಹೋಗಬೇಕು.

ಸದ್ದು ಜಾಸ್ತಿ. ಫೋನಲ್ಲಿ ಮಾತಾಡುವಾಗ ಓಡಿಸಲು ಆಗುವುದಿಲ್ಲ. ಡಬ್ಬಿ ನೂರೈವತ್ತು ಹಾಳೆಗೆ ತುಂಬಿಬಿಡುತ್ತದೆ. ಕಂಪ್ಯೂಟರಿನ ಯುಪಿಎಸ್‌ಗೆ ಹಾಕಬೇಡಿ, ಟ್ರಿಪ್ ಆಗುತ್ತದೆ. ಗೋಡೆಯ ಪ್ಲಗ್ಗಿಗೇ ಹಾಕಿ.

ಬಾಯಿಯ ನಡುವೆ ಕಡಲೆ ಕಾಳಿನಷ್ಟು ದೊಡ್ಡ ಒಂದು ಕಣ್ಣು ಇದೆ. ಕಾಗದ ಅದರ ಮುಂದೆ ಬಂದರೆ ಮಷಿನ್ ತಾನಾಗಿ ಶುರುವಾಗುತ್ತದೆ. ಎಟಿಎಂ ಚೀಟಿ, ಪೆಟ್ರೋಲ್ ಬಿಲ್ಲಿನಂಥ ಸಣ್ಣ ಕಾಗದ ಪಕ್ಕಕ್ಕೆ ಹಾಕಿದರೆ ಅದಕ್ಕೆ ಕಾಣುವುದೇ ಇಲ್ಲ. ಸರಿಯಾಗಿ ನಡುವೆ ಹಾಕಬೇಕು. ತಿಂಗಳಿಗೊಮ್ಮೆ ಆ ಕಣ್ಣಿನ ಮೇಲೆ ಕಾಗದದ ದೂಳು ಕೂರುತ್ತದೆ. ಆಗ ಕಾಗದ ಇಲ್ಲದಿದ್ದರೂ ಮಷಿನ್ ಓಡುತ್ತಲೇ ಇರುತ್ತದೆ. ಮೆಕ್ಯಾನಿಕ್ ಕರೆಸಿ ಮುನ್ನೂರು ರೂಪಾಯಿ ಕೊಟ್ಟ ಮೇಲೆ ಗೊತ್ತಾಯಿತು, ಪ್ಲಗ್ ತೆಗೆದು ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಒರೆಸಿದರೆ ಸಾಕು. ಬ್ಲೇಡಿಗೆ ಎಣ್ಣೆ ಬಿಡುವುದೂ ಸುಲಭ. ಒಂದು ಹಾಳೆಯ ಮೇಲೆ ಹಾವಿನ ಹಾಗೆ ಅಂಕುಡೊಂಕಾಗಿ ಎಣ್ಣೆ ಬಿಟ್ಟು ಆ ಹಾಳೆಯನ್ನೇ ಒಳಗೆ ಹಾಕಬೇಕು. ಜೊತೆಗೆ ಕೊಡುವ ಎಣ್ಣೆಯನ್ನೇ ಬಳಸಿ. ಡಬ್ಬಿಯಲ್ಲಿ ಬರುವ ಸ್ಪ್ರೇ ಎಣ್ಣೆ ಮಾತ್ರ ಹೊಡೆಯಬೇಡಿ, ಒಳಗಿನ ಬಿಸಿಗೆ, ಕಿಡಿಗೆ ಬೆಂಕಿ ಹತ್ತಬಹುದು.

ಸ್ಟೇಪಲ್ ಪಿನ್ ತಡೆದುಕೊಳ್ಳುತ್ತದೆ ಅಂತ ಬರೆದಿದೆ. ಸಣ್ಣ ಪಿನ್ ನಿಜಕ್ಕೂ ತಡೆದುಕೊಳ್ಳುತ್ತದೆ. ಟ್ಯಾಗ್ ದಾರದ ಲೋಹದ ತುದಿ ಇದೆಯಲ್ಲ, ಅದು ಆಗದು. ಲ್ಯಾಮಿನೇಷನ್ ಅಂತೂ ಕೊಡಲೇಬೇಡಿ. ಒಮ್ಮೆ ಹಳೇ ಕಾರ್ಡಿನ ಲ್ಯಾಮಿನೇಟ್ ಮಾಡಿದ ಕಾಪಿ ಹಾಕಿ, ಕರಗಿದ ಪ್ಲಾಸ್ಟಿಕ್ ಬ್ಲೇಡಿಗೆ ಅಂಟಿಕೊಂಡು, ರಿವರ್ಸ್ ಬಟನ್ ಒತ್ತಿದರೂ ಬರದೆ, ಚಿಮಟ ಹಿಡಿದು ಎರಡು ಗಂಟೆ ಕೂತಿದ್ದೆವು. ಇನ್ನೊಂದು ಮುಖ್ಯ ವಿಷಯ. ನಮ್ಮ ಹುಡುಗಿಯರು ವೇಲ್ ಹಾಕುತ್ತಾರೆ. ಮಷಿನ್ ಹತ್ರ ಬಗ್ಗುವ ಮುಂಚೆ ವೇಲ್ ಗಂಟು ಹಾಕಿಕೊಳ್ಳಲೇಬೇಕು ಅಂತ ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ. ಜುಲೈನಲ್ಲಿ ಕ್ಲೈಂಟುಗಳ ಜೊತೆ ಸಣ್ಣ ಮಕ್ಕಳು ಬರುತ್ತವೆ. ಆ ದಿನಗಳಲ್ಲಿ ಪ್ಲಗ್ ಕಿತ್ತು ಇಡುತ್ತೇವೆ.

ಈಗ ಈ ಮಷಿನ್ನಿನ ದೊಡ್ಡ ಕೊರತೆ. ಇದನ್ನು ಕಂಡುಹಿಡಿಯಲು ನನಗೆ ಐದು ತಿಂಗಳು ಬೇಕಾಯಿತು. ಎಳೆಯ ಮೇಲೆ ಇಡೀ ಸಾಲು ಓದಿದವಳಿಗೆ ಅನುಮಾನ ಹೋಗಿರಲಿಲ್ಲ. ಒಂದು ದಿನ ಡಬ್ಬಿಯ ಚೂರುಗಳನ್ನು ಟೇಬಲ್ ಮೇಲೆ ಹರಡಿ, ಕನ್ನಡಕ ಹಾಕಿ ಕೂತೆ. ಉದ್ದಕ್ಕೆ ಪ್ರಿಂಟ್ ಆದ ಹಾಳೆಗಳ ಚೂರಲ್ಲಿ ಎರಡೆರಡು ಅಕ್ಷರ ಬಿಟ್ಟರೆ ಏನೂ ಇರಲಿಲ್ಲ. ಆದರೆ ಅಡ್ಡಕ್ಕೆ ಪ್ರಿಂಟ್ ಆದ ಎಕ್ಸೆಲ್ ಹಾಳೆಯ ಒಂದು ಚೂರಲ್ಲಿ ಪ್ಯಾನ್ ನಂಬರ್ ಪೂರ್ತಿ ಇತ್ತು. ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಹತ್ತಕ್ಕೆ ಹತ್ತೂ. 35 ಮಿಲಿಮೀಟರ್ ಉದ್ದದಲ್ಲಿ ಹತ್ತು ಅಕ್ಷರ ಆರಾಮಾಗಿ ಕೂರುತ್ತವೆ, ಲೆಕ್ಕ ಹಾಕಿ ನೋಡಿ. ಪಿ-4 ಆದರೂ ಅದೇ ಕಥೆ.

ಇದಕ್ಕೆ ಉಪಾಯ ಸರಳ. ಅಡ್ಡ ಪ್ರಿಂಟ್ ಹಾಳೆಯನ್ನು ಮೊದಲು ನಡುವೆ ಮೇಲಿಂದ ಕೆಳಕ್ಕೆ ಕೈಯಲ್ಲೇ ಹರಿಯಿರಿ. ಎರಡು ತುಂಡು ಬರುತ್ತದೆ. ಒಂದೊಂದನ್ನೂ ನಾವು ಓದುವ ಹಾಗೆ ನೆಟ್ಟಗೆ ಹಿಡಿದು, ತಲೆಯ ಕಡೆಯಿಂದ ಒಳಗೆ ಬಿಡಿ. ಆಗ ಬ್ಲೇಡು ಸಾಲುಗಳನ್ನು ಅಡ್ಡಡ್ಡ ಕತ್ತರಿಸುತ್ತದೆ. ಒಂದು ಚೂರಿಗೆ ಎರಡಕ್ಷರ ಉಳಿದರೆ ಹೆಚ್ಚು. ಒಂದು ಹಾಳೆಗೆ ಎರಡು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಇದು ಜೊತೆಗೆ ಬಂದ ಪುಸ್ತಕದಲ್ಲಿ ಇಲ್ಲ, ಅಂಗಡಿಯವರೂ ಹೇಳುವುದಿಲ್ಲ. ಇಷ್ಟು ತಾಪತ್ರಯ ಬೇಡ ಅನ್ನುವವರು, ಮುಖ್ಯವಾಗಿ ಲ್ಯಾಬ್ ರಿಪೋರ್ಟ್ ಇಟ್ಟುಕೊಳ್ಳುವವರು, ಪಿ-5 ತಗೊಳ್ಳಿ. ಅದರ ಚೂರು ಅಗಲ ಎರಡೇ ಮಿಲಿಮೀಟರ್. ದುಡ್ಡು ಹೆಚ್ಚು, ಒಂದು ಸಲಕ್ಕೆ ಹಿಡಿಸುವ ಹಾಳೆ ಕಡಿಮೆ. ನನ್ನ ಮಷಿನ್ ಸವೆದ ಮೇಲೆ ನಾನೂ ಅದನ್ನೇ ತಗೊಳ್ಳುತ್ತೇನೆ.

ಚೂರುಗಳನ್ನು ರದ್ದಿಯವರು ತಗೊಳ್ಳಲಿಲ್ಲ. ಮಂಡಿಪೇಟೆಯ ಒಂದು ಗಾಜಿನ ಸಾಮಾನಿನ ಅಂಗಡಿಯವರು ವಾರಕ್ಕೊಂದು ಚೀಲ ಒಯ್ಯುತ್ತಾರೆ, ಲೋಟ ಪ್ಯಾಕ್ ಮಾಡಲು. ಹುಲ್ಲಿಗಿಂತ ಮೆತ್ತಗಿದೆ ಅನ್ನುತ್ತಾರೆ. ನಾವು ದುಡ್ಡು ತಗೊಳ್ಳುವುದಿಲ್ಲ.

ಮಷಿನ್ ಬಂದ ಖುಷಿಯಲ್ಲಿ ಎಲ್ಲವನ್ನೂ ಚೂರು ಮಾಡಬೇಡಿ. ಜಿಎಸ್‌ಟಿ ಲೆಕ್ಕಪತ್ರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ತಾರೀಕಿನಿಂದ 72 ತಿಂಗಳು ಇಡಬೇಕು. ಕೇಸು ಇದ್ದರೆ ಇನ್ನೂ ಹೆಚ್ಚು. ನಾವು ಒಂದು ಪುಸ್ತಕ ಇಟ್ಟಿದ್ದೇವೆ. ಯಾರ ಫೈಲು, ಯಾವ ವರ್ಷದ್ದು, ಯಾವತ್ತು ಕತ್ತರಿಸಿದ್ದು, ಯಾರು ಕತ್ತರಿಸಿದ್ದು. ಅಸಲು ಕಾಗದ ಯಾವುದೇ ಇರಲಿ, ಅದು ಅವರ ಕೈಗೇ ವಾಪಸ್.

ಈ ಮಷಿನ್ ಇಟ್ಟುಕೊಂಡ ಮೇಲೆ ಗೊತ್ತಾದ ಇನ್ನೊಂದು ವಿಷಯ: ದಿನಾ ಸಂಜೆ ಡಬ್ಬಿಗೆ ಬೀಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಧಾರ್ ಜೆರಾಕ್ಸ್. ನಾವು ಕೇಳದಿದ್ದರೂ ಜನ ಕೊಡುತ್ತಾರೆ. ರೂಢಿ ಆಗಿಹೋಗಿದೆ. ನಾವೂ ತಗೊಂಡು ಫೈಲಿಗೆ ಸೇರಿಸುತ್ತಿದ್ದೆವು. ರಿಟರ್ನ್ ಹಾಕಲು ಬೇಕಾಗುವುದು ನಂಬರ್ ಮಾತ್ರ. ಕಾರ್ಡ್ ತೋರಿಸಿದರೆ ಟೈಪ್ ಮಾಡಿಕೊಂಡು ವಾಪಸ್ ಕೊಡಬಹುದು. ಕಾಪಿ ಯಾಕೆ ಬೇಕು? ಈ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಕೇಳಿಕೊಂಡಿರಲೇ ಇಲ್ಲ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಕೊಡಲೇಬೇಕಾದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ ಅಂತ. ಜನ ತಪ್ಪು ತಿಳಿಯಬಹುದು ಅಂತ ಕೇಂದ್ರ ಸರ್ಕಾರ 29ಕ್ಕೇ ಅದನ್ನು ವಾಪಸ್ ತಗೊಂಡಿತು. ಆ ಎರಡು ದಿನದ ಗಲಾಟೆ ನಿಮಗೂ ನೆನಪಿರಬಹುದು. ನಾನು ಆಗ ಓದಿ ಮರೆತಿದ್ದೆ. ಮಾಸ್ಕ್ ಮಾಡಿದ ಆಧಾರ್ ಮಾತ್ರ ಈಗಲೂ ಸಿಗುತ್ತದೆ. 12 ಅಂಕಿಯಲ್ಲಿ ಮೊದಲ ಎಂಟು ಮುಚ್ಚಿ, ಕೊನೆಯ ನಾಲ್ಕು ಮಾತ್ರ ತೋರಿಸುತ್ತದೆ. ಕಾಪಿ ಬೇಕೇ ಬೇಕು ಅನ್ನುವ ಕೆಲಸಕ್ಕೆ ಈಗ ಅದನ್ನೇ ಕೇಳುತ್ತೇವೆ. ಡೌನ್‌ಲೋಡ್ ಮಾಡಿದ ಫೈಲಿಗೆ ಪಾಸ್‌ವರ್ಡ್ ಇದೆ, ಹಾಗಾಗಿ ಯಾರಿಗೆ ಬೇಕಾದರೂ ಕಳಿಸಬಹುದು ಅಂತ ಕೆಲವರು ಅಂದುಕೊಂಡಿದ್ದಾರೆ. ಆ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಅಷ್ಟೇ. ನಿಮ್ಮನ್ನು ಬಲ್ಲ ಯಾರಿಗಾದರೂ ಅದು ಗೊತ್ತಿರುತ್ತದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ವಾಟ್ಸಾಪ್ ಮಾಡಿ ಪ್ರಿಂಟ್ ತೆಗೆಸಿದರೆ, ಎದುರಿಗೇ ನಿಂತು ಡಿಲೀಟ್ ಮಾಡಿಸಿ. ನಮ್ಮ ಹುಡುಗಿ ಒಮ್ಮೆ ಅಂಥ ಅಂಗಡಿಯಲ್ಲಿ ಡೌನ್‌ಲೋಡ್ ಫೋಲ್ಡರ್ ನೋಡಿ ಬಂದು ಹೇಳಿದಳು, ಇಡೀ ಏರಿಯಾದವರ ಕಾರ್ಡುಗಳು ಅಲ್ಲಿವೆ ಅಂತ.

ನಿಮ್ಮ ಆಧಾರಿಗೆ ಬೆರಳಚ್ಚಿನ ಲಾಕ್ ಕೂಡ ಹಾಕಿಟ್ಟುಕೊಳ್ಳಿ, ಬೇರೆಯವರು ನಿಮ್ಮ ಬೆರಳಚ್ಚು ಬಳಸಲು ಆಗದ ಹಾಗೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ, ಒಂದು ಒಟಿಪಿ ಕೂಡ ಬಾರದೆ, ಬೆರಳಚ್ಚಿನ ಮೂಲಕ ದುಡ್ಡು ಹೋದ ದೂರುಗಳು ಬಂದಿದ್ದವು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಲಾಕ್ ಹಾಕಲು ಎರಡು ನಿಮಿಷ ಸಾಕು.

ಕಾನೂನಿನ ಮಾತು ಸ್ವಲ್ಪ. ನಮ್ಮ ಕಸುಬಿನವರು ಈಗ ಅದರ ಬಗ್ಗೆಯೇ ಜಾಸ್ತಿ ಮಾತಾಡುತ್ತಿದ್ದಾರೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ವ್ಯವಹಾರ ಮಾಡುವವರ ಮೇಲಿನ ಮುಖ್ಯ ಜವಾಬ್ದಾರಿಗಳಿಗೆ ಹದಿನೆಂಟು ತಿಂಗಳ ಸಮಯ ಕೊಟ್ಟಿದ್ದಾರೆ. ಡೇಟಾ ಕಾಪಾಡಲು ತಕ್ಕ ಏರ್ಪಾಡು ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಹೆಸರೇ ಹೇಳುವ ಹಾಗೆ ಅದು ಡಿಜಿಟಲ್ ಡೇಟಾಕ್ಕೆ. ಕಾಗದದಲ್ಲೇ ಉಳಿದದ್ದು ಅದರೊಳಗೆ ಬರುವುದಿಲ್ಲ. ಹಾಗಂತ ಮೊನ್ನೆ ಒಬ್ಬರು ನನಗೆ ಸಮಾಧಾನ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ಟೀಚರ್ ಮನೆಯ ಕಾಯಿಲೆ ಹೊರಗೆ ಬಿದ್ದದ್ದು ಕಾಗದದಿಂದಲೇ ಅಲ್ವಾ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಕೇಸು ಹಾಕಿದಾಗ ಅವರಿಗೆ ಎಂಬತ್ತೈದು ದಾಟಿತ್ತು. ಆ ವಯಸ್ಸಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದ್ದಾರೆ. ನಾನು ಸಂಜೆ ಹತ್ತು ನಿಮಿಷ ಮಷಿನ್ ಮುಂದೆ ನಿಲ್ಲಬಲ್ಲೆ.

ತಗೊಳ್ಳಬೇಕಾ ಅಂತ ಕೇಳಿದರೆ, ತಗೊಳ್ಳಿ. ಬೇರೆಯವರ ಹೆಸರು, ನಂಬರ್ ಇರುವ ಕಾಗದ ನಿಮ್ಮ ಆಫೀಸಿಗೆ ಬರುತ್ತದೆ ಅಂದರೆ ಇದು ಬೇಕು. ಒಂಬತ್ತು ಹತ್ತು ಸಾವಿರ ಸಣ್ಣ ಮೊತ್ತ ಅಲ್ಲ, ನನಗೂ ಅಲ್ಲ. ಪಕ್ಕದ ಆಫೀಸಿನವರ ಜೊತೆ ಸೇರಿ ಒಂದು ತಗೊಂಡರೂ ಆದೀತು. ಆದರೆ ಕಾಗದ ಅವರ ಹುಡುಗನ ಕೈಗೆ ಕೊಟ್ಟು ಬರಬೇಡಿ. ನಿಂತು, ನೀವೇ ಹಾಕಿ ಬನ್ನಿ.

ಕಳೆದ ವರ್ಷ ಜುಲೈನಲ್ಲಿ ಟೀಚರ್ ರಿಟರ್ನ್ ಹಾಕಿಸಲು ಬಂದಿದ್ದರು. ಬೇರೆ ಆಫೀಸಿಗೆ ಹೋಗುತ್ತಾರೆ ಅಂತಲೇ ಅಂದುಕೊಂಡಿದ್ದೆ. ಬಂದರು. ಮಷಿನ್ ತೋರಿಸಿ ಅಂದರು, ತೋರಿಸಿದೆ. ಅವರ ಆ ಎಣ್ಣೆ ಹಾಳೆಯನ್ನು ನಾನು ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆ, ಅವರನ್ನು ಕೇಳದೆ ಏನೂ ಮಾಡಬಾರದು ಅಂತ. ತೆಗೆದು ಕೈಗೆ ಕೊಟ್ಟೆ. ಮಡಿಕೆ ಬಿಡಿಸಿ, ಒಮ್ಮೆ ಮೇಲಿಂದ ಕೆಳಗೆ ಓದಿ, ತಾವೇ ಮಷಿನ್ ಬಾಯಿಗೆ ಹಿಡಿದರು. ಮೂರು ಸೆಕೆಂಡ್. ಹಾಳೆ ಒಳಗೆ ಹೋದ ಮೇಲೂ ಸದ್ದು ನಿಲ್ಲುವ ತನಕ ಕೈ ತೆಗೆಯಲಿಲ್ಲ.

"ನಂದು ಇನ್ನೇನಾದ್ರೂ ಇದೆಯೇನ್ರೀ ನಿಮ್ಮ ಹತ್ರ?" ಅಂತ ಕೇಳಿದರು.

ಇಲ್ಲ ಅನ್ನಲು ಬಾಯಿ ತೆಗೆದವಳು, ಒಂದು ನಿಮಿಷ ತಡೆಯಿರಿ ಅಂದೆ. ಹುಡುಗಿ ಅವರ ಹಳೇ ಫೈಲು ತಂದಳು. ಅದರಲ್ಲಿ ಬೇರೆ ಬೇರೆ ವರ್ಷದ ಮೂರು ಆಧಾರ್ ಜೆರಾಕ್ಸ್ ಇದ್ದವು. ಟೀಚರ್ ಒಂದೊಂದರ ಪಿನ್ ತಾವೇ ಬಿಚ್ಚಿದರು, ವೇಲ್ ಗಂಟು ಹಾಕಿಕೊಂಡಿದ್ದ ಹುಡುಗಿಯನ್ನು ನೋಡಿ ತಮ್ಮ ಸೆರಗನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡರು, ಮೂರನ್ನೂ ಒಟ್ಟಿಗೆ ಮಷಿನ್ ಬಾಯಿಗೆ ಹಾಕಿದರು.